ಗೆರೆಯ ಮೇಲಿನ ಮಾತು: ಪ್ರಾಥಮಿಕ ವಿಜ್ಞಾನದಲ್ಲಿ ಪರಿಕಲ್ಪನಾ ನಕ್ಷೆ ಮತ್ತು ಸಮಸ್ಯೆ ಪರಿಹಾರ

(ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ ಉಪನ್ಯಾಸದ ಪೂರ್ಣ ಪಾಠ)



ಗ್ರಾಮ ಪಂಚಾಯಿತಿ ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಸಾಮಾನ್ಯವಾಗಿ ಪರಿಶೀಲಿಸುವುದು ಕಣ್ಣಿಗೆ ಕಾಣುವ ಸಂಗತಿಗಳನ್ನು. ಛಾವಣಿ ಸೋರುತ್ತಿದೆಯೇ, ಶೌಚಾಲಯಕ್ಕೆ ನೀರಿದೆಯೇ, ಕಾಂಪೌಂಡ್ ಗೋಡೆ ಪೂರ್ಣಗೊಂಡಿದೆಯೇ, ಬಿಸಿಯೂಟದ ಅಕ್ಕಿ ಬೇಳೆ ಶುಚಿಯಾಗಿದೆಯೇ ಎಂದು ನೋಡುವುದು ಸದಸ್ಯರ ಕರ್ತವ್ಯವೇ ಸರಿ. ಆದರೆ ಶಾಲೆಯನ್ನು ಯಾವುದಕ್ಕಾಗಿ ಕಟ್ಟಲಾಗಿದೆಯೋ ಆ ವಸ್ತು, ಅಂದರೆ ಮಗುವಿನ ತಿಳಿವಳಿಕೆ, ಹೊರಗಣ್ಣಿಗೆ ಕಾಣುವುದಿಲ್ಲ. ಮಗು ಉತ್ತರ ಬರೆಯಿತೆಂಬುದನ್ನು ಅಂಕಪಟ್ಟಿ ತಿಳಿಸುತ್ತದೆ. ಅರಿತು ಬರೆಯಿತೋ, ಬಾಯಿಪಾಠ ಮಾಡಿ ಬರೆಯಿತೋ ಎಂಬುದನ್ನು ತಿಳಿಸುವುದಿಲ್ಲ.

ಮಗುವಿನ ಆಲೋಚನೆಯನ್ನು ಒಂದು ಹಾಳೆಯ ಮೇಲೆ ಕಾಣುವಂತೆ ಮಾಡುವ ಸರಳ ಸಾಧನವೊಂದಿದೆ. ಅದರ ಹೆಸರು ಪರಿಕಲ್ಪನಾ ನಕ್ಷೆ. ಇದಕ್ಕೆ ಯಂತ್ರ ಬೇಕಿಲ್ಲ, ಅನುದಾನ ಬೇಕಿಲ್ಲ. ಸೀಮೆಸುಣ್ಣ ಮತ್ತು ನೆಲವಿದ್ದರೆ ಸಾಕು. ವಿಜ್ಞಾನ ಓದದ ಸದಸ್ಯರೂ ಇದನ್ನು ಓದಿ, ಮಗು ಎಲ್ಲಿ ಸರಿಯಾಗಿ ಯೋಚಿಸಿದೆ, ಎಲ್ಲಿ ಎಡವಿದೆ ಎಂದು ಕಂಡುಕೊಳ್ಳಬಹುದು. ಈ ಸಾಧನವು ಊರಿನ ಸಮಸ್ಯೆಗಳನ್ನು ಬಿಡಿಸಲು ಮಕ್ಕಳನ್ನು ಹೇಗೆ ಸಿದ್ಧಗೊಳಿಸುತ್ತದೆ ಮತ್ತು ಅದರಲ್ಲಿ ಪಂಚಾಯಿತಿಯ ಪಾತ್ರವೇನು ಎಂಬುದೇ ಈ ಉಪನ್ಯಾಸದ ವಿಷಯ.

ನಕ್ಷೆಯ ಸ್ವರೂಪ: ಹದಿನಾರು ಕೆರೆಯ ಉದಾಹರಣೆ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮವು ಮೈಸೂರು ಅರಸು ಮನೆತನದ ಮೂಲದ ಐತಿಹ್ಯದಲ್ಲಿ ಹದಿನಾಡು ಎಂದು ಹೆಸರಾದ ಊರು. ಇಂದು ಪಕ್ಷಿವೀಕ್ಷಕರಿಗೆ ಆ ಊರು ಪರಿಚಿತವಾಗಿರುವುದು ಅದರ ಕೆರೆಯಿಂದ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಎತ್ತರದ ಪ್ರದೇಶಗಳಿಂದ ಹಿಮಾಲಯವನ್ನು ದಾಟಿ ಈ ಕೆರೆಗೆ ಬರುತ್ತವೆ. ಮಕ್ಕಳು ದಿನನಿತ್ಯ ಕಾಣುವ ಇಂತಹ ಕೆರೆಯೊಂದನ್ನು ಮುಂದಿಟ್ಟುಕೊಂಡು ಐದನೆಯ ತರಗತಿಯಲ್ಲಿ ನಕ್ಷೆಯನ್ನು ರಚಿಸುವ ಕ್ರಮ ಹೀಗಿದೆ.

ಮೊದಲಿಗೆ ಒಂದು ಕೇಂದ್ರ ಪ್ರಶ್ನೆ ಬೇಕು. ‘ಕೆರೆ’ ಎಂಬುದು ವಿಷಯ ಮಾತ್ರ, ಪ್ರಶ್ನೆಯಾಗುವುದಿಲ್ಲ. ‘ಕೆರೆಯ ನೀರು ದಟ್ಟ ಹಸಿರಾದಾಗ ಕೆಲವೊಮ್ಮೆ ಮೀನುಗಳು ಸಾಯುವುದೇಕೆ?’ ಎಂಬುದು ಪ್ರಶ್ನೆ. ಎರಡನೆಯದಾಗಿ, ಆ ಪ್ರಶ್ನೆಗೆ ಸಂಬಂಧಿಸಿದ ಪದಗಳನ್ನು ಮಕ್ಕಳೇ ಹೇಳುತ್ತಾರೆ: ಕೆರೆ, ಮಳೆ, ಗದ್ದೆ, ಗೊಬ್ಬರ, ಪಾಚಿ, ಸೂರ್ಯನ ಬೆಳಕು, ಆಮ್ಲಜನಕ, ಮೀನು, ಹೆಬ್ಬಾತು. ಪ್ರತಿಯೊಂದು ಪದವನ್ನು ಒಂದೊಂದು ಚೀಟಿಯ ಮೇಲೆ ಬರೆದು ನೆಲದ ಮೇಲೆ ಹರಡುತ್ತಾರೆ. ಮೂರನೆಯದಾಗಿ, ಸಂಬಂಧವಿರುವ ಎರಡು ಚೀಟಿಗಳ ನಡುವೆ ಬಾಣದ ಗೆರೆ ಎಳೆಯುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ: ಆ ಗೆರೆಯ ಮೇಲೆ ಸಂಬಂಧವನ್ನು ತಿಳಿಸುವ ಮಾತನ್ನು ಬರೆಯುತ್ತಾರೆ. ಇದಕ್ಕೆ ಕೊಂಡಿಪದವೆಂದು ಹೆಸರು.

ಹೀಗೆ ರಚನೆಯಾದ ನಕ್ಷೆಯನ್ನು ಓದಿದರೆ ವಾಕ್ಯಗಳು ದೊರೆಯುತ್ತವೆ. ಮಳೆಯು ಗದ್ದೆಯ ಗೊಬ್ಬರವನ್ನು ಕೆರೆಗೆ ಕೊಚ್ಚಿ ತರುತ್ತದೆ. ಗೊಬ್ಬರವು ಪಾಚಿಯನ್ನು ಬೆಳೆಸುತ್ತದೆ. ಪಾಚಿಯು ಹಗಲಿನಲ್ಲಿ ಸೂರ್ಯನ ಬೆಳಕಿನ ನೆರವಿನಿಂದ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿಯಲ್ಲಿ ಅದೇ ಪಾಚಿಯು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಸತ್ತು ಕೊಳೆಯುವಾಗಲೂ ನೀರಿನ ಆಮ್ಲಜನಕ ವ್ಯಯವಾಗುತ್ತದೆ. ಮೀನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಉಸಿರಾಡುತ್ತದೆ. ಪಾಚಿ ಅತಿಯಾಗಿ ಬೆಳೆದ ಕೆರೆಯಲ್ಲಿ ಮೀನುಗಳು ನಸುಕಿನ ಹೊತ್ತಿಗೆ ಏಕೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತವೆ ಎಂಬುದಕ್ಕೆ ಈ ವಾಕ್ಯಗಳ ಸರಣಿಯೇ ಉತ್ತರ.

ನಕ್ಷೆಯ ಒಂದು ಬದಿಯಲ್ಲಿರುವ ಪದವನ್ನು ದೂರದ ಇನ್ನೊಂದು ಬದಿಯ ಪದಕ್ಕೆ ಜೋಡಿಸುವ ಗೆರೆಗೆ ಅಡ್ಡಕೊಂಡಿ ಎನ್ನುತ್ತಾರೆ. ಹೆಬ್ಬಾತು ಹಗಲಿನಲ್ಲಿ ಕೆರೆಯಲ್ಲಿ ತಂಗುತ್ತದೆ, ಕತ್ತಲಾದ ಮೇಲೆ ಗದ್ದೆಯಲ್ಲಿ ಮೇಯುತ್ತದೆ, ಅದರ ಹಿಕ್ಕೆ ಕೆರೆಗೆ ಬೀಳುತ್ತದೆ ಎಂದು ಒಂದು ಮಗು ಜೋಡಿಸಿದರೆ, ಗದ್ದೆ ಮತ್ತು ಕೆರೆ ಎರಡೂ ಒಂದೇ ವ್ಯವಸ್ಥೆಯ ಭಾಗಗಳೆಂದು ಅದು ಅರಿತಿದೆ ಎಂದೇ ಅರ್ಥ. ಪಠ್ಯಪುಸ್ತಕದ ಎರಡು ಬೇರೆ ಬೇರೆ ಪಾಠಗಳು ಆ ಮಗುವಿನ ಮನಸ್ಸಿನಲ್ಲಿ ಒಂದಾಗಿವೆ.

ಸಾಧನದ ಹಿನ್ನೆಲೆ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ಸಹೋದ್ಯೋಗಿಗಳು 1972ರಲ್ಲಿ ಈ ಸಾಧನವನ್ನು ರೂಪಿಸಿದರು. ಅವರು ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ವಿಜ್ಞಾನದ ಪಾಠಗಳನ್ನು ನೀಡಿ, ಆ ಮಕ್ಕಳ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ಸಂದರ್ಶನಗಳ ಮೂಲಕ ತಿಳಿಯಲು ಹೊರಟಿದ್ದರು. ಸಂದರ್ಶನಗಳ ಬರಹ ರಾಶಿ ರಾಶಿಯಾಗಿ ಬೆಳೆದಾಗ, ಮಗುವಿನ ಮಾತಿನಲ್ಲಿರುವ ಪರಿಕಲ್ಪನೆಗಳನ್ನೂ ಅವುಗಳ ನಡುವಣ ಸಂಬಂಧಗಳನ್ನೂ ಒಂದೇ ಹಾಳೆಗೆ ಇಳಿಸುವ ಅಗತ್ಯ ಉಂಟಾಯಿತು. ಅದರ ಫಲವೇ ಈ ನಕ್ಷೆ. ಮಗು ಈಗಾಗಲೇ ತಿಳಿದಿರುವುದರ ಮೇಲೆಯೇ ಹೊಸ ಕಲಿಕೆ ನಿಲ್ಲುತ್ತದೆ ಎಂಬ ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ ಅವರ ಸಿದ್ಧಾಂತ ಇದಕ್ಕೆ ತಳಹದಿ. ನೊವಾಕರ ತಂಡವು 12 ವರ್ಷಗಳ ಕಾಲ ಅದೇ ಮಕ್ಕಳನ್ನು ಅನುಸರಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನವು, ಎಳೆಯ ತರಗತಿಗಳಲ್ಲಿ ಪರಿಕಲ್ಪನೆಗಳನ್ನು ಅರಿತು ಕಲಿತ ಮಕ್ಕಳಲ್ಲಿ ತಪ್ಪು ಕಲ್ಪನೆಗಳು ಮುಂದಿನ ವರ್ಷಗಳಲ್ಲಿಯೂ ಕಡಿಮೆಯಿದ್ದುದನ್ನು ದಾಖಲಿಸಿತು.

2006ರಲ್ಲಿ ಪ್ರಕಟವಾದ ಇನ್ನೊಂದು ವಿಮರ್ಶೆಯಲ್ಲಿ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ಕೇವಲ ಪಾಠ ಕೇಳುವುದಕ್ಕಿಂತ, ಪಠ್ಯ ಓದುವುದಕ್ಕಿಂತ ನಕ್ಷೆಯ ಮೂಲಕ ಕಲಿತದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ ಎಂದು ಅದು ಕಂಡುಕೊಂಡಿತು. ಆದರೆ ಸ್ವಂತವಾಗಿ ಸಾರಾಂಶ ಬರೆಯುವ ಅಭ್ಯಾಸಕ್ಕೆ ಹೋಲಿಸಿದಾಗ ನಕ್ಷೆಯ ಮೇಲುಗೈ ಅಲ್ಪವೆಂದೂ ಅದೇ ವಿಮರ್ಶೆ ತಿಳಿಸಿತು. ಇದರಿಂದ ಹೊರಡುವ ಅರ್ಥ ಸ್ಪಷ್ಟ. ಮಗು ತಾನೇ ಯೋಚಿಸಿ ರಚಿಸುವುದರಲ್ಲಿ ಪ್ರಯೋಜನವಿದೆ. ಕಾಗದದ ಮೇಲಿನ ಚಿತ್ರಕ್ಕೆ ಪ್ರತ್ಯೇಕ ಮಹಿಮೆಯಿಲ್ಲ.

ಕನ್ನಡದಲ್ಲಿ ನಕ್ಷೆಯನ್ನು ರಚಿಸುವಾಗ ಒಂದು ಎಚ್ಚರ ಬೇಕು. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದವು ನಡುವೆ ಬರುವುದರಿಂದ ಎರಡು ಪದಗಳ ನಡುವಿನ ಗೆರೆಯ ಮೇಲೆ ಅದನ್ನು ಬರೆದರೆ ವಾಕ್ಯ ತಾನಾಗಿಯೇ ಆಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಾಮಪದಗಳಿಗೆ ವಿಭಕ್ತಿ ಸೇರುತ್ತದೆ. ‘ಗೊಬ್ಬರ – ಬೆಳೆಸುತ್ತದೆ – ಪಾಚಿ’ ಎಂದು ಗೆರೆಯಲ್ಲಿ ಬರೆದದ್ದನ್ನು ಮಗು ‘ಗೊಬ್ಬರವು ಪಾಚಿಯನ್ನು ಬೆಳೆಸುತ್ತದೆ’ ಎಂದು ಓದಬೇಕು. ಆದ್ದರಿಂದ ಮಗು ಮೊದಲು ಬಾಯಿಯಲ್ಲಿ ಪೂರ್ಣ ವಾಕ್ಯವನ್ನು ಹೇಳಿ, ಬಳಿಕ ಅದರ ಕ್ರಿಯಾಪದವನ್ನು ಗೆರೆಯ ಮೇಲೆ ಬರೆಯುವುದು ಯೋಗ್ಯ ಕ್ರಮ. ಹೀಗೆ ಮಾಡಿದರೆ ವಿಜ್ಞಾನದ ಜೊತೆಗೆ ಭಾಷೆಯೂ ಬಲಗೊಳ್ಳುತ್ತದೆ.

ತಪ್ಪು ಕೊಂಡಿ, ತಪ್ಪು ಪರಿಹಾರ: ಡೆಂಗಿಯ ಉದಾಹರಣೆ

ಪಠ್ಯಪುಸ್ತಕದ ಕೊನೆಯ ಪುಟದ ಅಭ್ಯಾಸಕ್ಕೂ ಊರಿನ ಸಮಸ್ಯೆಗೂ ವ್ಯತ್ಯಾಸವಿದೆ. ಅಭ್ಯಾಸದ ಉತ್ತರ ಅದೇ ಪಾಠದಲ್ಲಿರುತ್ತದೆ. ಊರಿನ ಸಮಸ್ಯೆಯ ಉತ್ತರ ಹಲವು ಪಾಠಗಳಲ್ಲಿ, ಹಲವು ಮನೆಗಳಲ್ಲಿ, ಹಲವು ಇಲಾಖೆಗಳಲ್ಲಿ ಹಂಚಿಹೋಗಿರುತ್ತದೆ. ಅದನ್ನು ಜೋಡಿಸಬಲ್ಲ ಮನಸ್ಸನ್ನು ಬೆಳೆಸುವುದೇ ಸಮಸ್ಯೆ ಪರಿಹಾರದ ಶಿಕ್ಷಣ.

ಡೆಂಗಿ ಜ್ವರವನ್ನು ತೆಗೆದುಕೊಳ್ಳಬಹುದು. 2024ರಲ್ಲಿ ರಾಜ್ಯ ಸರ್ಕಾರವು ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ‘ಡೆಂಗಿ ಹೇಗೆ ಹರಡುತ್ತದೆ?’ ಎಂದು ಪರೀಕ್ಷೆಯಲ್ಲಿ ಕೇಳಿದರೆ ‘ಸೊಳ್ಳೆಯಿಂದ’ ಎಂದು ಮಗು ಬರೆಯುತ್ತದೆ, ಪೂರ್ಣ ಅಂಕ ಪಡೆಯುತ್ತದೆ. ಅದೇ ಮಗುವಿಗೆ ನಕ್ಷೆ ರಚಿಸಲು ಹೇಳಿದರೆ ‘ಚರಂಡಿ – ಹುಟ್ಟಿಸುತ್ತದೆ – ಸೊಳ್ಳೆ’, ‘ಸೊಳ್ಳೆ – ತರುತ್ತದೆ – ಡೆಂಗಿ’ ಎಂಬ ಎರಡು ಗೆರೆಗಳು ಮೂಡುವುದು ಬಹಳ ಸಂಭವನೀಯ. ಪರೀಕ್ಷೆಯ ಉತ್ತರದಲ್ಲಿ ಅಡಗಿದ್ದ ತಪ್ಪು ಇಲ್ಲಿ ಬೆಳಕಿಗೆ ಬರುತ್ತದೆ. ಏಕೆಂದರೆ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ಮುಖ್ಯವಾಗಿ ಬೆಳೆಯುವುದು ಮನೆಯೊಳಗೆ ಮತ್ತು ಹಿತ್ತಿಲಿನಲ್ಲಿ ಶೇಖರಿಸಿದ ತಿಳಿನೀರಿನಲ್ಲಿ. ಕೊಳಚೆ ನೀರಿನಲ್ಲಿ ಹೇರಳವಾಗಿ ಬೆಳೆಯುವುದು ಕ್ಯೂಲೆಕ್ಸ್ ಎಂಬ ಬೇರೆ ಜಾತಿಯ ಸೊಳ್ಳೆ.

ಈ ತಪ್ಪು ಕೊಂಡಿ ಮಕ್ಕಳ ಮನಸ್ಸಿನಲ್ಲಷ್ಟೇ ಇದ್ದಿದ್ದರೆ ಹಾನಿ ಅಲ್ಪ. ಹಿರಿಯರ ಮನಸ್ಸಿನಲ್ಲಿಯೂ ಇದೇ ಕೊಂಡಿಯಿದ್ದರೆ, ಜ್ವರ ಕಾಣಿಸಿಕೊಂಡ ಕೂಡಲೇ ಚರಂಡಿಗೆ ಬ್ಲೀಚಿಂಗ್ ಪುಡಿ ಎರಚಿ, ಬೀದಿಯಲ್ಲಿ ಹೊಗೆ ಹಾಯಿಸಿ ಕೆಲಸ ಮುಗಿಯಿತೆಂದು ಭಾವಿಸುವ ಪರಿಪಾಠ ಬೆಳೆಯುತ್ತದೆ. ಚರಂಡಿಯ ನೈರ್ಮಲ್ಯ ಬೇರೆ ರೋಗಗಳ ತಡೆಗೆ ಅತ್ಯಗತ್ಯ. ಆದರೆ ಹೊಗೆಯು ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಡ್ರಮ್ಮಿನಲ್ಲಿರುವ ಲಾರ್ವಾ ಮರುವಾರ ಹೊಸ ಸೊಳ್ಳೆಯಾಗಿ ಹೊರಬರುತ್ತದೆ. ಹಣ ವ್ಯಯವಾಗುತ್ತದೆ, ಜ್ವರ ನಿಲ್ಲುವುದಿಲ್ಲ. ಗೆರೆಯ ಮೇಲಿನ ಒಂದು ಮಾತು ತಪ್ಪಿದರೆ ಊರಿನ ಕ್ರಿಯಾಯೋಜನೆಯೇ ತಪ್ಪುವುದು ಹೀಗೆ.

ಸರಿಯಾದ ನಕ್ಷೆಯನ್ನು ಮಕ್ಕಳೇ ಹಂತ ಹಂತವಾಗಿ ಕಟ್ಟಬಲ್ಲರು. ನಲ್ಲಿಯಲ್ಲಿ ನೀರು ದಿನವೂ ಬಾರದಿದ್ದರೆ ಮನೆಯವರು ನೀರನ್ನು ಶೇಖರಿಸುತ್ತಾರೆ. ಡ್ರಮ್ಮು, ಸಿಮೆಂಟ್ ತೊಟ್ಟಿ, ಬಾನಿ, ಹಳೆಯ ಟೈರು, ತೆಂಗಿನ ಚಿಪ್ಪು, ಮೂಲೆಗೆ ಸೇರಿದ ಒರಳು ಇವೆಲ್ಲ ನೀರನ್ನು ಹಿಡಿದಿಡುತ್ತವೆ. ಈಡಿಸ್ ಹೆಣ್ಣು ಸೊಳ್ಳೆಯು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒಳಗೋಡೆಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದಾಗ ಒಡೆಯುತ್ತದೆ. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಬೆಚ್ಚನೆಯ ವಾತಾವರಣದಲ್ಲಿ ಸುಮಾರು 7ರಿಂದ 10 ದಿನ ಸಾಕು. ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಡೆಂಗಿ ಇರುವ ವ್ಯಕ್ತಿಯನ್ನು ಕಚ್ಚಿದಾಗ ವೈರಸ್ ಸೊಳ್ಳೆಗೆ ಸೇರುತ್ತದೆ. ಕೆಲವು ದಿನಗಳ ನಂತರ ಆ ಸೊಳ್ಳೆ ಕಚ್ಚಿದವರಿಗೆ ರೋಗ ತಗಲುತ್ತದೆ.

ನಕ್ಷೆ ಇಷ್ಟು ಪೂರ್ಣವಾದ ಮೇಲೆ ಶಿಕ್ಷಕರು ಕೇಳಬೇಕಾದ ಪ್ರಶ್ನೆ ಒಂದೇ: ‘ಇದರಲ್ಲಿ ಯಾವ ಗೆರೆಯನ್ನು ನಾವು ಕತ್ತರಿಸಬಹುದು?’ ಮಕ್ಕಳು ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಯೋಚಿಸುತ್ತಾರೆ. ಪಾತ್ರೆಗೆ ಬಿಗಿಯಾದ ಮುಚ್ಚಳವಿದ್ದರೆ ಸೊಳ್ಳೆಗೂ ನೀರಿಗೂ ನಡುವಣ ಗೆರೆ ಕಡಿಯುತ್ತದೆ. ವಾರಕ್ಕೊಮ್ಮೆ ನೀರು ಖಾಲಿ ಮಾಡಿದರೆ ಲಾರ್ವಾ ಸೊಳ್ಳೆಯಾಗುವ ಮೊದಲೇ ಸರಣಿ ಮುರಿಯುತ್ತದೆ. ಹತ್ತು ದಿನಕ್ಕೊಮ್ಮೆ ಏಕೆ ಸಾಲದು ಎಂಬುದಕ್ಕೆ ಕಾರಣ ನಕ್ಷೆಯಲ್ಲೇ ಇದೆ. ಖಾಲಿ ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಏಕೆಂದರೆ ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿವೆ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಬಹುದು. ಜ್ವರವಿರುವವರು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿದರೆ ವೈರಸ್ ಸೊಳ್ಳೆಗೆ ಸೇರುವ ಗೆರೆಯೂ ಕಡಿಯುತ್ತದೆ.

ಕೊನೆಗೆ ಮಕ್ಕಳ ಬೆರಳು ನಕ್ಷೆಯ ಮೊದಲ ಗೆರೆಗೆ ಬಂದು ನಿಲ್ಲುತ್ತದೆ: ನಲ್ಲಿಯಲ್ಲಿ ನೀರು ದಿನವೂ ಬಾರದಿರುವುದು. ಈ ಗೆರೆಯನ್ನು ಕತ್ತರಿಸುವುದು ಮಕ್ಕಳ ಕೈಯಲ್ಲಿಲ್ಲ, ಮನೆಯವರ ಕೈಯಲ್ಲೂ ಇಲ್ಲ. ಅದು ಪಂಚಾಯಿತಿಯ ಕೈಯಲ್ಲಿದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರು 11ನೆಯದು, ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಒಳಗೊಂಡ ಶಿಕ್ಷಣ 17ನೆಯದು, ಆರೋಗ್ಯ ಮತ್ತು ನೈರ್ಮಲ್ಯ 23ನೆಯದು. ಕಚೇರಿಯಲ್ಲಿ ಇವು ಮೂರು ಬೇರೆ ಬೇರೆ ಕಡತಗಳು. ಹತ್ತು ವರ್ಷದ ಮಗುವಿನ ನಕ್ಷೆಯಲ್ಲಿ ಇವು ಒಂದೇ ಹಾಳೆಯ ಮೇಲೆ ಕೂಡಿಕೊಂಡಿವೆ.

ರೈತರ ಮನೆಯ ಪ್ರಶ್ನೆ: ರಸಬಾಳೆ

ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ತೋಟಗಳನ್ನು ಪನಾಮ ಸೊರಗು ರೋಗ ಕಾಡಿದ ಸಂಗತಿ ಈ ಸೀಮೆಯ ರೈತರಿಗೆ ತಿಳಿದದ್ದೇ. ಏಳನೆಯ ತರಗತಿಯ ಮಕ್ಕಳಿಗೆ ಇದು ಉತ್ತಮ ಕೇಂದ್ರ ಪ್ರಶ್ನೆಯಾಗಬಲ್ಲದು: ‘ನೀರು ಹಾಯಿಸಿದರೂ ಬಾಳೆ ಸೊರಗುವುದೇಕೆ?’

ಎಲೆ ಹಳದಿಯಾಗಿ ಜೋತುಬಿದ್ದ ಗಿಡವನ್ನು ಕಂಡಾಗ ‘ನೀರಿನ ಕೊರತೆ – ಸೊರಗಿಸುತ್ತದೆ – ಬಾಳೆ’ ಎಂಬ ಗೆರೆ ಸಹಜವಾಗಿ ಮೂಡುತ್ತದೆ. ವಾಸ್ತವದಲ್ಲಿ ಈ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಅದು ಬೇರಿನ ಮೂಲಕ ಗಿಡವನ್ನು ಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಬುಡದಲ್ಲಿ ನೀರಿದ್ದರೂ ಎಲೆಗೆ ಏರುವುದಿಲ್ಲ. ‘ಕಾಂಡದ ನಾಳಗಳು ನೀರನ್ನು ಮೇಲಕ್ಕೆ ಒಯ್ಯುತ್ತವೆ’ ಎಂದು ಸಸ್ಯಗಳ ಪಾಠದಲ್ಲಿ ಓದಿದ ವಾಕ್ಯವು ಇಲ್ಲಿ ಅಡ್ಡಕೊಂಡಿಯಾಗಿ ಬಂದು ಕೂಡುತ್ತದೆ. ಶಿಲೀಂಧ್ರವು ರೋಗಗ್ರಸ್ತ ಕಂದುಗಳ ಮೂಲಕ, ಗುದ್ದಲಿಗೆ ಅಂಟಿದ ಮಣ್ಣಿನ ಮೂಲಕ, ಹರಿಯುವ ನೀರಿನ ಮೂಲಕ ಪಕ್ಕದ ಗಿಡಕ್ಕೆ, ಪಕ್ಕದ ತೋಟಕ್ಕೆ ದಾಟುತ್ತದೆ. ಬಾಳೆಯಿಲ್ಲದ ಮಣ್ಣಿನಲ್ಲಿಯೂ ದಶಕಗಳ ಕಾಲ ಉಳಿಯುತ್ತದೆ. ಹಾಗಾಗಿ ಹೆಚ್ಚು ನೀರು ಹಾಯಿಸುವುದು ಪರಿಹಾರವಾಗದು, ಹರಡುವಿಕೆಗೆ ಸಹಾಯವಾದೀತು. ರೋಗಮುಕ್ತ ಅಂಗಾಂಶ ಕೃಷಿ ಸಸಿಯನ್ನು ತಂದರೂ ರೋಗವಿರುವ ಮಣ್ಣಿನಲ್ಲಿಯೇ ನೆಟ್ಟರೆ ಫಲವಿಲ್ಲ ಎಂಬುದೂ ಅದೇ ನಕ್ಷೆಯಿಂದ ತಿಳಿಯುತ್ತದೆ. ಮಗು ಈ ನಕ್ಷೆಯನ್ನು ಮನೆಗೆ ಒಯ್ದು ಅಜ್ಜ ಅಜ್ಜಿಯರಿಗೆ ಓದಿ ಹೇಳಿದರೆ ಅವರ ಅನುಭವದ ಮಾತುಗಳೂ ಅದಕ್ಕೆ ಸೇರುತ್ತವೆ. ಪಾಠಕ್ಕೂ ಬಾಳಿಗೂ ಇರುವ ಅಂತರವನ್ನು ಕಡಿಮೆ ಮಾಡಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇದನ್ನೇ.

ತರಗತಿಯಲ್ಲಿ ಅಳವಡಿಕೆ

ಹೊಸ ಬೋಧನಾ ವಿಧಾನವೆಂದರೆ ಮೇಲಿನಿಂದ ಬರುವ ಹೊರೆಯೆಂಬ ಭಾವನೆ ಸಹಜ. ಆದರೆ ಮೈಸೂರು ಜಿಲ್ಲೆಯ ಇತಿಹಾಸವೇ ಬೇರೆಯದನ್ನು ತೋರಿಸುತ್ತದೆ. ನಲಿ–ಕಲಿ ವಿಧಾನವು 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾಗಿ, 2009–10ರಿಂದ ರಾಜ್ಯದಾದ್ಯಂತ ವಿಸ್ತರಿಸಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದ ಶಿಕ್ಷಕರೇ ಅದಕ್ಕೆ ರೂಪ ನೀಡಿದರು. ಕಾರ್ಡುಗಳೊಂದಿಗೆ ನೆಲದ ಮೇಲೆ ಗುಂಪಾಗಿ ಕುಳಿತು ಕಲಿಯುವ ಅಭ್ಯಾಸ ಮೊದಲ ಮೂರು ತರಗತಿಗಳ ಮಕ್ಕಳಿಗೆ ಈಗಾಗಲೇ ಇದೆ. ನಾಲ್ಕನೆಯ ತರಗತಿಯಿಂದ ಚೀಟಿ ಜೋಡಿಸಿ ನಕ್ಷೆ ಕಟ್ಟುವುದು ಅದರ ಮುಂದುವರಿಕೆಯಾಗುತ್ತದೆ.

ಎಳೆಯ ಮಕ್ಕಳು ಪದಗಳ ಬದಲಿಗೆ ವಸ್ತುಗಳನ್ನೇ ಬಳಸಬಹುದು: ಒಂದು ಬೀಜ, ಒಂದು ಎಲೆ, ಒಂದು ಲೋಟ ನೀರು, ಒಂದು ಹಿಡಿ ಮಣ್ಣು. ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಸಂಬಂಧವನ್ನು ಬಾಯಲ್ಲಿ ಹೇಳಿದರೆ ಸಾಕು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ ಇದು ಅನುಕೂಲಕರವೂ ಹೌದು. ಒಂದೇ ಪ್ರಶ್ನೆಗೆ ನಾಲ್ಕನೆಯ ತರಗತಿಯವರು ಐದಾರು ಪದಗಳಿಂದ, ಐದನೆಯವರು ಹತ್ತು ಪದಗಳಿಂದ ನಕ್ಷೆ ರಚಿಸಬಹುದು.

ಒಂದು ಪ್ರಶ್ನೆಗೆ ಎರಡು ನಕ್ಷೆಗಳು ಬೇಕು. ಪಾಠಕ್ಕೆ ಮೊದಲು ರಚಿಸಿದ ನಕ್ಷೆ ಮಗುವಿಗೆ ಈಗಾಗಲೇ ಏನು ತಿಳಿದಿದೆ ಎಂಬುದನ್ನು ತೋರಿಸುತ್ತದೆ. ಪಾಠ, ವೀಕ್ಷಣೆ, ಚರ್ಚೆಗಳ ನಂತರ ರಚಿಸಿದ ನಕ್ಷೆ ಏನು ಬದಲಾಯಿತು ಎಂಬುದನ್ನು ತೋರಿಸುತ್ತದೆ. ಮೊದಲ ನಕ್ಷೆಯನ್ನು ಅಳಿಸದೆ ಇಟ್ಟುಕೊಳ್ಳಬೇಕು, ಅದಕ್ಕೆ ಅಂಕ ನೀಡಬಾರದು. ತಪ್ಪು ಬರೆದರೆ ಅಂಕ ಹೋಗುತ್ತದೆಂಬ ಭಯವಿದ್ದಲ್ಲಿ ಮಗು ತನ್ನ ನಿಜವಾದ ಆಲೋಚನೆಯನ್ನು ಬರೆಯುವುದಿಲ್ಲ.

ದುರ್ಬಳಕೆಯ ಎಚ್ಚರಿಕೆ

ಈ ಸಾಧನವೂ ಕೆಡಬಲ್ಲದು. ಶಿಕ್ಷಕರು ಕಪ್ಪುಹಲಗೆಯ ಮೇಲೆ ಪೂರ್ಣ ನಕ್ಷೆಯನ್ನು ಬರೆದು ಮಕ್ಕಳು ಅದನ್ನು ನಕಲು ಮಾಡಿದರೆ, ಹಳೆಯ ಬಾಯಿಪಾಠವೇ ಹೊಸ ವೇಷದಲ್ಲಿ ಬಂದಂತಾಗುತ್ತದೆ. ಮೂವತ್ತು ಮಕ್ಕಳ ನಕ್ಷೆಗಳು ಒಂದೇ ತೆರನಾಗಿದ್ದರೆ ಅಲ್ಲಿ ಮೂವತ್ತು ಮಕ್ಕಳು ಯೋಚಿಸಿಲ್ಲವೆಂದೇ ತಿಳಿಯಬೇಕು. ಗೆರೆಗಳಿದ್ದು ಅವುಗಳ ಮೇಲೆ ಮಾತಿಲ್ಲದಿದ್ದರೆ ಅದು ಪದಗಳ ಜಾಲ ಮಾತ್ರ. ಅದರಿಂದ ಯಾವ ವಾಕ್ಯವೂ ಹೊರಡುವುದಿಲ್ಲ. ಬಣ್ಣ ಮತ್ತು ಅಂದಕ್ಕೆ ಬಹುಮಾನ ನೀಡಿದರೆ ಮಕ್ಕಳ ಗಮನ ಕೊಂಡಿಪದದಿಂದ ಚಿತ್ರದತ್ತ ಹೊರಳುತ್ತದೆ. ನಕ್ಷೆಯು ಪ್ರಯೋಗಕ್ಕೆ ಬದಲಿಯೂ ಅಲ್ಲ. ನೀರಿನಲ್ಲಿ ಲಾರ್ವಾ ಇದೆಯೇ ಎಂದು ಡ್ರಮ್ಮಿನೊಳಗೆ ಇಣುಕಿ ನೋಡಿದ ಮೇಲೆಯೇ ಗೆರೆಯ ಮೇಲಿನ ಮಾತು ನಿಜವಾಗುತ್ತದೆ.

ಪಂಚಾಯಿತಿಯ ಪಾತ್ರ

ಪಾಠ ಮಾಡುವುದು ಶಿಕ್ಷಕರ ಕೆಲಸ. ಪಾಠಕ್ಕೆ ಊರನ್ನು ತೆರೆದಿಡುವುದು ಪಂಚಾಯಿತಿಗೆ ಸಾಧ್ಯವಿರುವ ಕೆಲಸ. ಈ ನಿಟ್ಟಿನಲ್ಲಿ ಕೆಳಗಿನ ಅಂಶಗಳನ್ನು ಪರಿಶೀಲಿಸಬಹುದು.

1. ಪ್ರಶ್ನೆಯನ್ನು ನೀಡುವುದು. ವರ್ಷಕ್ಕೆ ಎರಡು ಬಾರಿ, ಊರಿನ ಒಂದು ನೈಜ ಸಮಸ್ಯೆಯನ್ನು ಕೇಂದ್ರ ಪ್ರಶ್ನೆಯ ರೂಪದಲ್ಲಿ ಶಾಲೆಗೆ ಕಳುಹಿಸಬಹುದು. ಕೊಳವೆಬಾವಿ ಬೇಸಿಗೆಯಲ್ಲಿ ಬತ್ತುವುದೇಕೆ, ಕಸದ ಗುಂಡಿಯಲ್ಲಿ ಪ್ಲಾಸ್ಟಿಕ್ ಕರಗದೆ ಸೊಪ್ಪು ಸಿಪ್ಪೆ ಕರಗುವುದೇಕೆ ಎಂಬಂತಹ ಪ್ರಶ್ನೆಗಳು ಸೂಕ್ತ. ವಿಷಯವನ್ನು ಆಯುವ ಮುನ್ನ ಮುಖ್ಯಶಿಕ್ಷಕರೊಂದಿಗೆ ಮಾತನಾಡಿ, ಆ ತಿಂಗಳ ಪಾಠಕ್ಕೆ ಹೊಂದುವುದನ್ನು ಆರಿಸಬೇಕು.

2. ಮಾಹಿತಿಯನ್ನು ನೀಡುವುದು. ನೀರು ಬಿಡುವ ವೇಳಾಪಟ್ಟಿ, ಕೊಳವೆಬಾವಿಗಳ ಆಳ, ನೀರಿನ ಪರೀಕ್ಷೆಯ ಫಲಿತಾಂಶಗಳು ಪಂಚಾಯಿತಿಯಲ್ಲಿರುತ್ತವೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಒದಗಿಸಿರುವ ನೀರಿನ ಪರೀಕ್ಷಾ ಕಿಟ್‌ನ ಬಳಕೆಯನ್ನು ತರಬೇತಿ ಪಡೆದವರ ಮೂಲಕ ಮಕ್ಕಳ ಎದುರಿನಲ್ಲೇ ಮಾಡಿ ತೋರಿಸಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಮೀರಬಾರದು ಎಂಬ ಭಾರತೀಯ ಮಾನಕವು ಆಗ ಮಕ್ಕಳಿಗೆ ತಮ್ಮ ಊರಿನ ನಲ್ಲಿಯ ಸಂಗತಿಯಾಗುತ್ತದೆ.

3. ಜನರನ್ನು ಜೋಡಿಸುವುದು. ಆಶಾ ಕಾರ್ಯಕರ್ತೆಯರು, ನೀರುಗಂಟಿಗಳು, ಅನುಭವಿ ರೈತರು ಅರ್ಧ ಗಂಟೆ ತರಗತಿಗೆ ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರೆ ನಕ್ಷೆಯಲ್ಲಿ ಹೊಸ ಗೆರೆಗಳು ಮೂಡುತ್ತವೆ. ಮಕ್ಕಳು ಮನೆಗಳ ವೀಕ್ಷಣೆಗೆ ಹೋಗುವುದಾದರೆ ಹಿರಿಯರ ಜೊತೆಯಲ್ಲೇ ಹೋಗಬೇಕು, ಯಾವ ಮನೆಯ ಹೆಸರನ್ನೂ ಬರೆಯಬಾರದು, ಔಷಧಿ ರಾಸಾಯನಿಕಗಳನ್ನು ಮುಟ್ಟಬಾರದು.

4. ಸ್ಥಳವನ್ನು ನೀಡುವುದು. ಶಾಲೆಯ ಜಗುಲಿಯ ನೆಲಕ್ಕೆ ಅಥವಾ ಒಂದು ಗೋಡೆಗೆ ಕಪ್ಪು ಬಣ್ಣ ಬಳಿಸಿದರೆ ಅದು ವರ್ಷವಿಡೀ ನಕ್ಷೆಯ ಹಲಗೆಯಾಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳ ನಕ್ಷೆಗಳಿಗೆ ಒಂದು ಮೂಲೆಯನ್ನು ಮೀಸಲಿಡಬಹುದು.

5. ಕೇಳಿಸಿಕೊಳ್ಳುವುದು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಸಾಮಾನ್ಯವಾಗಿ ಬೇಡಿಕೆಗಳ ಪಟ್ಟಿಯನ್ನು ಓದುತ್ತಾರೆ. ಅದರೊಂದಿಗೆ ಒಂದು ನಕ್ಷೆಯನ್ನೂ ಮಂಡಿಸಲಿ. ಬೇಡಿಕೆಯು ಏನು ಬೇಕೆಂಬುದನ್ನು ಹೇಳಿದರೆ, ನಕ್ಷೆಯು ಏಕೆ ಬೇಕೆಂಬುದನ್ನು ಹೇಳುತ್ತದೆ. ಪಂಚಾಯಿತಿಯು ಯಾವ ಗೆರೆಯನ್ನು ಕತ್ತರಿಸಲು ಸಾಧ್ಯ, ಯಾವುದು ಸದ್ಯಕ್ಕೆ ಸಾಧ್ಯವಿಲ್ಲ, ಕಾರಣವೇನು ಎಂದು ಮುಂದಿನ ಸಭೆಯಲ್ಲಿ ಮಕ್ಕಳಿಗೆ ಉತ್ತರಿಸುವುದು ಅಷ್ಟೇ ಅಗತ್ಯ. ಕೇಳಿ ಸುಮ್ಮನಾದರೆ, ಯೋಚಿಸಿ ಪ್ರಯೋಜನವಿಲ್ಲವೆಂಬ ಪಾಠವನ್ನೇ ಮಕ್ಕಳು ಕಲಿಯುತ್ತಾರೆ.

ಉಪಸಂಹಾರ

ಗೌರವಾನ್ವಿತ ಸದಸ್ಯರು ಮುಂದಿನ ಬಾರಿ ಶಾಲೆಗೆ ಹೋದಾಗ, ಕಟ್ಟಡದ ಪರಿಶೀಲನೆ ಮುಗಿದ ಮೇಲೆ ಹತ್ತು ನಿಮಿಷವನ್ನು ಒಂದು ತರಗತಿಗೆ ಮೀಸಲಿಡಬಹುದು. ಯಾವುದಾದರೂ ಮಗುವಿನ ನಕ್ಷೆಯಲ್ಲಿ ಎರಡು ಪದಗಳ ನಡುವಿನ ಗೆರೆಯ ಮೇಲೆ ಬೆರಳಿಟ್ಟು, ‘ಇದನ್ನು ಓದಪ್ಪ, ಓದಮ್ಮ’ ಎಂದು ಕೇಳಬೇಕು. ಓದಿದ ಮೇಲೆ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ‘ಪುಸ್ತಕದಲ್ಲಿದೆ’ ಎಂಬುದು ಒಂದು ಉತ್ತರ. ‘ನಮ್ಮ ಮನೆಯ ತೊಟ್ಟಿಯಲ್ಲಿ ನೋಡಿದೆ’ ಎಂಬುದು ಇನ್ನೊಂದು ಉತ್ತರ. ಎರಡನೆಯ ಉತ್ತರ ಹೆಚ್ಚು ಹೆಚ್ಚಾಗಿ ಕೇಳಿಬರತೊಡಗಿದರೆ ಆ ಶಾಲೆಯಲ್ಲಿ ವಿಜ್ಞಾನ ನೆಲೆಗೊಂಡಿದೆ ಎಂದು ತಿಳಿಯಬಹುದು.

ಇಂದು ಐದನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳೇ ಹದಿನೈದು ಇಪ್ಪತ್ತು ವರ್ಷಗಳ ನಂತರ ಇದೇ ಪಂಚಾಯಿತಿಯ ಸದಸ್ಯರಾಗಿ ಕೆರೆ, ನೀರು, ಜ್ವರ, ಬೆಳೆಗಳ ಕುರಿತು ತೀರ್ಮಾನ ಕೈಗೊಳ್ಳುವವರು. ಕಾರಣವನ್ನು ಹುಡುಕಿ ಪರಿಹಾರಕ್ಕೆ ಹಣ ವಿನಿಯೋಗಿಸುವ ಅಭ್ಯಾಸ ಅವರಿಗೆ ಆಗ ಹೊಸದಾಗಿ ಬರುವುದಿಲ್ಲ; ಈಗಲೇ ಬೆಳೆಯಬೇಕು. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ, ಒಂದಿಷ್ಟು ಚೀಟಿಗಳು ಮತ್ತು ಮಕ್ಕಳ ಮಾತನ್ನು ತಾಳ್ಮೆಯಿಂದ ಕೇಳುವ ಹಿರಿಯರು.